ಆಂಜನಮ್ಮನವರ ನಿಧಾನದ ಕಂಪ್ಯೂಟರು

ನಮ್ಮ ಮನೆ ಓನರ್ ಆಂಜನಮ್ಮನವರ ಕಂಪ್ಯೂಟರು ಆನ್ ಆಗುವಷ್ಟರಲ್ಲಿ ಹಾಲು ಕಾದು, ಕಾಫಿಯಾಗಿ, ಲೋಟವೂ ಖಾಲಿಯಾಗಿರುತ್ತದೆ.

ಕಗ್ಗದಾಸಪುರದಲ್ಲಿ ಅವರ ಮಾವ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರ ಕಟ್ಟಡ ನಿಂತಿದೆ. ಕೆಳಗೆ ಅವರು, ಮೇಲೆ ನಾವು ಬಾಡಿಗೆಯವರು. ಕೂತು ಉಣ್ಣಬಹುದಾದ ಹೆಂಗಸು, ಆದರೂ ಸಂಬಂಧ ಕುದುರಿಸುವ ಕೆಲಸ ಬಿಟ್ಟಿಲ್ಲ. ಮೊದಲೆಲ್ಲ ಫೋಟೋಗಳನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೊಸ ತಿಪ್ಪಸಂದ್ರದವರೆಗೂ ನಡೆದೇ ಹೋಗುತ್ತಿದ್ದರಂತೆ. ಮಗ ಪ್ರೇಮ್‌ಕುಮಾರ್ ಲ್ಯಾಪ್‌ಟಾಪ್ ತಗೊಂಡ ಮೇಲೆ ಅವನ ಹಳೇ ಕಂಪ್ಯೂಟರು ಇವರ ಪಾಲಿಗೆ ಬಂತು. ಫೋಟೋ, ಜಾತಕ, ಪಂಚಾಂಗ ಎಲ್ಲವೂ ಅದರೊಳಗೆ ಸೇರಿದವು.

ಅವರದೊಂದು ಪದ್ಧತಿ. ವಾಟ್ಸಾಪಿನಲ್ಲಿ ಏನನ್ನೂ ಕಳಿಸುವುದಿಲ್ಲ. ಎರಡೂ ಕಡೆಯವರು ಅವರ ಮನೆಗೇ ಬಂದು ಕೂರಬೇಕು. ಕೂತ ಮೇಲೇ ಸ್ವಿಚ್ ಒತ್ತುವುದು.

"ಮುಂಚೇನೇ ಆನ್ ಮಾಡಿಟ್ಕೊಳ್ಳಿ ಅಮ್ಮ" ಅಂತ ಒಮ್ಮೆ ಹೇಳಿದ್ದೆ.

"ಬಂದೋರು ಕೂರೋಕ್ ಮುಂಚೇನೇ ಎಲೆಗೆ ಬಡಿಸ್ತಾರೇನವ್ವ?" ಅಂದುಬಿಟ್ಟಿದ್ದರು.

ನನ್ನ ತಂಗಿ ಪ್ರತಿಭಾಗೆ ಗಂಡು ನೋಡುವ ಜವಾಬ್ದಾರಿ ನನ್ನ ಮೇಲೆ ಬಿದ್ದಾಗ ಈ ನಿಧಾನ ನನಗೆ ತಡೆಯಲಾಗದಾಯಿತು. ಅವಳು ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ. ಆಂಜನಮ್ಮ ಒಂದು ಒಳ್ಳೇ ಸಂಬಂಧ ತಂದಿದ್ದರು: ಪಂಚಾಕ್ಷರಯ್ಯ, ಜಯದೇವಿ ದಂಪತಿಯ ಒಬ್ಬನೇ ಮಗ ಸಿದ್ಧಲಿಂಗೇಶ, ಹೆಣ್ಣುಮಕ್ಕಳಿಲ್ಲ, ನಮ್ಮ ಕಡೆಯವರೇ. ಅಂಥವರ ಮುಂದೆ ಆ ಡಬ್ಬ ಕಟಕಟ ಅನ್ನುತ್ತಾ ಕೂತರೆ ನಮ್ಮನ್ನು ಏನಂದುಕೊಂಡಾರು? ಕಾದು ಕಾದು ಎದ್ದು ಹೋದರೆ? ನನ್ನ ಮಗಳು ಅಂಜಲಿ ಆ ವೈರುಗಳಿಗೆ ಕೈ ಹಾಕಿದರೆ?

"ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸೋಣ ರೀ" ಅಂದೆ ಗಂಡನಿಗೆ.

ಪ್ರಭುಲಿಂಗ ನಕ್ಕರು. "ಫೋಟೋ ನೋಡೋ ಕಂಪ್ಯೂಟರಿಗಾ? ಹಳೇ ಹಾರ್ಡ್‌ಡಿಸ್ಕಲ್ಲಿ ತಟ್ಟೆ ತಿರುಗಬೇಕು, ಅದಕ್ಕೇ ಲೇಟು. ಇದರಲ್ಲಿ ತಿರುಗೋದೇ ಇಲ್ಲ, ಪಟ್ ಅಂತ ಬರುತ್ತೆ, ನಿಜ. ಆದ್ರೆ ಆನ್ ಆದ್ಮೇಲೆ ಆ ಪಂಚಾಂಗ ಏನು ಎರಡರಷ್ಟು ಒಳ್ಳೇ ಮುಹೂರ್ತ ಕೊಡುತ್ತಾ? ಆ ಅಮ್ಮಂಗೆ ಏನು ಅವಸರ?"

"ಅವಸರ ನನಗೆ."

ಕೊನೆಗೆ ಇಂದಿರಾನಗರದಿಂದ ತಂದರು, ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಇಳಿಸಿ ಕೂರಿಸಿದರು. ಆಂಜನಮ್ಮ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ಭಾನುವಾರ ಗಂಡಿನ ಕಡೆಯವರು ಬಂದರು. ಆಂಜನಮ್ಮ ಸ್ವಿಚ್ ಒತ್ತಿದರು, ಬಂದೇಬಿಟ್ಟಿತು. ಫೋಟೋ ಆಯಿತು, ಜಾತಕ ಕೂಡಿತು, ಪ್ರತಿಭಾ ವೀಡಿಯೋ ಕಾಲಿನಲ್ಲಿ ಹುಡುಗನ ಹತ್ತಿರ ಮಾತಾಡಿ ನನಗೆ ಕಣ್ಣಲ್ಲೇ ಹೂಂ ಅಂದಳು. ಮುಂದಿನ ಭಾನುವಾರ ನಿಶ್ಚಿತಾರ್ಥಕ್ಕೆ ದಿನ ನೋಡುವುದೆಂದೂ ಆಯಿತು. ಒಲೆ ಮೇಲಿಟ್ಟ ಹಾಲು ಇನ್ನೂ ಬಿಸಿಯೇ ಆಗಿರಲಿಲ್ಲ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮರುದಿನ ಆಂಜನಮ್ಮ ಮೇಲೆ ಬಂದರು. "ಪ್ರಭು, ಹಳೇದನ್ನೇ ಹಾಕ್ಕೊಟ್ಬಿಡಪ್ಪ."

"ಯಾಕಮ್ಮ, ಕೆಟ್ಟೋಯ್ತಾ?"

"ಇಲ್ಲ, ಚೆನ್ನಾಗೈತೆ. ಆದ್ರೆ ಅವ್ರು ಬಂದ್ರು, ಹೋದ್ರು. ಯಾರು ಅಂತ್ಲೇ ನಂಗೆ ಗೊತ್ತಾಗ್ಲಿಲ್ಲ."

ನನಗೆ ಸಿಟ್ಟು ಬಂತು. ವಯಸ್ಸಾದವರ ಹಠ ಅಂತ ಗೊಣಗಿಕೊಂಡೆ. ಪ್ರಭುಲಿಂಗ ಮಾತ್ರ ಸ್ಕ್ರೂಡ್ರೈವರ್ ತಗೊಂಡು ಕೆಳಗಿಳಿದರು.

ಮುಂದಿನ ಭಾನುವಾರ ಪಂಚಾಕ್ಷರಯ್ಯ, ಜಯದೇವಿ ಇಬ್ಬರೇ ಬಂದರು. ಸ್ವಿಚ್ ಒತ್ತಿದ್ದಾಯಿತು. ಕಟಕಟ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ನಾನು ಬೆವರುತ್ತಿದ್ದೆ. ಬಿಸಿಲಿನ ಮಾತಾಯಿತು, ನೀರಿನ ಟ್ಯಾಂಕರಿನ ಮಾತಾಯಿತು, ಕಾಫಿಯೂ ಮುಗಿಯಿತು. ಚಕ್ರ ನಿಲ್ಲಲಿಲ್ಲ. ಅಂಜಲಿ ತೂಕಡಿಸುತ್ತಾ ಹೋಗಿ ಜಯದೇವಿಯವರ ಮಡಿಲಿಗೆ ಒರಗಿ, ಅವರ ಬಳೆ ಹಿಡಿದುಕೊಂಡಳು.

ಜಯದೇವಿ ಅವಳ ತಲೆ ಸವರಿದರು. "ನಮ್ಮ ಪುಟ್ಟೀನೂ ಹಿಂಗೇ. ಬಳೆ ಹಿಡ್ಕೊಂಡ್ರೇನೇ ನಿದ್ದೆ."

ಆಂಜನಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮೊಮ್ಮಗಳೇನವ್ವ?"

"ಹೂಂ..." ಅಂದರು ಜಯದೇವಿ. ಅಂದ ಮೇಲೆ ಅವರ ಕೈ ಅಂಜಲಿಯ ತಲೆಯ ಮೇಲೆ ಹಾಗೇ ನಿಂತಿತು.

ಪಂಚಾಕ್ಷರಯ್ಯ ಕೆಮ್ಮಿದರು.

"ಒಬ್ಬನೇ ಮಗ, ಹೆಣ್ಣುಮಕ್ಕಳಿಲ್ಲ ಅಂದಿದ್ರಿ" ಅಂದರು ಆಂಜನಮ್ಮ, ಮೆತ್ತಗೆ, ಇನ್ನೊಂದು ಲೋಟ ಕಾಫಿ ಬೇಕೇ ಅಂತ ಕೇಳುವ ಹಾಗೆ.

ಎದ್ದು ಮಗಳನ್ನು ಆ ಮಡಿಲಿನಿಂದ ಕಿತ್ತುಕೊಂಡೆ. ಪಾಪ, ಅವಳು ಬೆಚ್ಚಿ ಅತ್ತಳು.

"ಅವನಿಗೆ ಮೊದಲೇ ಮದುವೆ ಆಗಿದೆಯಾ?" ಪ್ರಭುಲಿಂಗರ ದನಿ ಅಷ್ಟು ಒರಟಾಗಿದ್ದನ್ನು ನಾನು ಕೇಳಿರಲೇ ಇಲ್ಲ.

"ಡೈವೋರ್ಸ್ ಆಗಿದೆ ಸ್ವಾಮಿ" ಅಂದರು ಪಂಚಾಕ್ಷರಯ್ಯ. "ಮಗು ನಮ್ಮ ಹತ್ರಾನೇ ಐತಿ. ನಿಶ್ಚಿತಾರ್ಥ ಆದ್ಮ್ಯಾಲೆ ಹೇಳೋಣ ಅಂತ..."

"ಆದ ಮೇಲೆ!" ಅಂದೆ.

ಜಯದೇವಿ ಸೆರಗಿನಿಂದ ಮುಖ ಒರೆಸಿಕೊಂಡರು. "ಆ ಕೂಸಿಗೆ ತಾಯಿ ಬೇಕಾಗಿತ್ತವ್ವ" ಅಂದರು.

"ಅದನ್ನ ಮೊದ್ಲೇ ಹೇಳಿದ್ರೆ, ಅದಕ್ಕೆ ತಕ್ಕ ಮನೇನೇ ಹುಡುಕ್ತಿದ್ದೆ ತಾಯಿ" ಅಂದರು ಆಂಜನಮ್ಮ. "ಮಗೂನ ಬಚ್ಚಿಟ್ಟು ಯಾರಾದ್ರೂ ಹೆಣ್ಣು ಕೇಳ್ತಾರಾ?"

ಅವರು ಹೋದರು. ಗೇಟು ಮುಚ್ಚಿದ ಸದ್ದಾಯಿತು. ಪರದೆಯ ಮೇಲೆ ಪಂಚಾಂಗ ಆಗ ತೆರೆದುಕೊಂಡಿತು. ಆಂಜನಮ್ಮ ಅದನ್ನು ನೋಡದೇ ಆಫ್ ಮಾಡಿದರು.

ಟೇಬಲ್ ಮೇಲೆ ಆ ಎಸ್‌ಎಸ್‌ಡಿ, ಪೆಟ್ಟಿಗೆ ಸಮೇತ, ಹಾಗೇ ಇತ್ತು. ನನ್ನ ಕೈಗೆ ಕೊಟ್ಟರು. "ನಿಮ್ಮನೇಲೇ ಹಾಕ್ಕೋ ಕಣಮ್ಮ. ಅಲ್ಲಿ ಇರೋರೆಲ್ಲ ನಿನಗೆ ಗೊತ್ತಿರೋರೇ."

ಫೋನು ರಿಂಗಾಯಿತು. ಪ್ರತಿಭಾ. ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಅಕ್ಕಾ, ಮುಹೂರ್ತ ಯಾವತ್ತಿಗೆ ಸಿಕ್ತು? ಎಷ್ಟೊತ್ತೇ ನಿಂಗೆ ಫೋನ್ ಮಾಡೋಕೆ!"

"ಆ ಕಂಪ್ಯೂಟರು..." ಅಂದೆ. "ಲೇಟಾಯ್ತು ಕಣೇ. ಸದ್ಯ, ಲೇಟಾಯ್ತು. ಕೂತ್ಕೋ, ಹೇಳ್ತೀನಿ."