ಅಣ್ಣನ ಓಟವನ್ನು ನಾನು ನಿಲ್ಲಿಸಿದ್ದು

ನಾನು ಹೇಳಿದ ಒಂದು ಸುಳ್ಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅದು ಎಷ್ಟು ದೊಡ್ಡ ತಪ್ಪು ಎನ್ನುವುದು ನನಗೆ ಇಂದಿಗೂ ಸರಿಯಾಗಿ ತಿಳಿದಿಲ್ಲ. ಕೆಲವು ದಿನ ಅಣ್ಣನ ಆಯಸ್ಸಿಗೇ ಕೈ ಹಾಕಿದೆ ಅನ್ನಿಸುತ್ತದೆ. ಕೆಲವು ದಿನ, ಅಂಥದ್ದೇನೂ ಆಗಲಿಲ್ಲವಲ್ಲ ಅನ್ನಿಸುತ್ತದೆ.

ಮಹಾರಾಜರ ಕಾಲ. ಬಸ್ಸುಗಳು ಓಡಾಡಲು ಶುರುವಾಗಿದ್ದರೂ ನಮ್ಮ ಕಡೆಯ ಟಪಾಲು ಇನ್ನೂ ಮನುಷ್ಯರ ಕಾಲಿನ ಮೇಲೆಯೇ ಇತ್ತು. ನಾನು ಹೈಸ್ಕೂಲು ಮುಗಿಸಿ ಮಧುಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನನಗಿಂತ ಆರು ವರ್ಷ ದೊಡ್ಡವನಾದ ಅಣ್ಣ ಟಪಾಲು ಓಟಗಾರ. ಬೆಳಿಗ್ಗೆ ಲಿಂಗಪೂಜೆ ಮಾಡಿ, ಮುದ್ದೆ ಉಂಡು, ಚೀಲವನ್ನು ಹೆಗಲಿಗೇರಿಸಿ, ಗೆಜ್ಜೆ ಕಟ್ಟಿದ ಈಟಿ ಹಿಡಿದು ಕೊರಟಗೆರೆ ದಾರಿಯಲ್ಲಿ ಓಡುತ್ತಿದ್ದ. ಅರ್ಧ ದಾರಿಯಲ್ಲಿ ಒಂದು ಗುಡಿಸಲಿತ್ತು. ಆ ಕಡೆಯಿಂದ ಬಂದವನೊಂದಿಗೆ ಅಲ್ಲಿ ಚೀಲ ಬದಲಾಯಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಅದೇ ಓಟದಲ್ಲಿ ಹಿಂದಿರುಗುತ್ತಿದ್ದ.

ನಾವಿಬ್ಬರೂ ಕಡ್ಡಿಯಂತಿದ್ದೆವು. ಅಪ್ಪನೂ ಹಾಗೆಯೇ ಇದ್ದು ಸಿಹಿಮೂತ್ರದ ಕಾಯಿಲೆಯಿಂದ ತೀರಿಕೊಂಡಿದ್ದ. ಅಂದಿನಿಂದ ಅವ್ವನಿಗೆ ಒಂದು ಅಭ್ಯಾಸ. ನಾವು ಹಿತ್ತಲ ಬೇಲಿಯ ಹತ್ತಿರ ಮೂತ್ರಕ್ಕೆ ಹೋಗಿಬಂದ ಮೇಲೆ ಅಲ್ಲಿ ಇರುವೆ ಮುತ್ತಿದೆಯೇ ಎಂದು ಬಗ್ಗಿ ನೋಡುವಳು. ಮೀಸೆ ಬಂದ ಗಂಡಸರೆಂದು ನಾಚಿಕೊಂಡರೂ ಬಿಡುತ್ತಿರಲಿಲ್ಲ. ಆ ಕಾಯಿಲೆ ಹೊಟ್ಟೆ ಬಂದ ಸಾಹುಕಾರರಿಗೆ ಬರುವುದು ಎಂದು ಊರೆಲ್ಲ ಹೇಳುತ್ತಿತ್ತು. ಅವ್ವ ಮಾತ್ರ ತೆಳ್ಳಗಿರುವುದೇ ಅದರ ಗುರುತು ಎಂದು ನಂಬಿದ್ದಳು.

"ನಿಮ್ಮಪ್ಪನೂ ಹಿಂಗೇ ಒಣಗೋದ. ಓಡಿ ಓಡಿ ಇವನ ಮೈಯಾಗೆ ಎಲುಬು ಬುಟ್ರೆ ಇನ್ನೇನೈತೆ? ಡಾಕ್ಟ್ರಿಗೆ ತೋರ್ಸು ಕಣ್ಲಾ" ಎಂದು ನನ್ನ ಬೆನ್ನು ಹತ್ತಿದಳು.

ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ದೆ. ಅಪ್ಪನ ಕಾಯಿಲೆಯ ವಿಷಯ ಕೇಳಿ ಡಾಕ್ಟರು ಇಬ್ಬರಿಗೂ ಬೆಲ್ಲದ ನೀರು ಕುಡಿಸಿ, ಸ್ವಲ್ಪ ಹೊತ್ತು ಕೂರಿಸಿ, ಮೂತ್ರ ತೆಗೆದುಕೊಂಡರು. ಅಣ್ಣ "ಚೀಲ ಕಾಯ್ತೈತೆ ಸ್ವಾಮಿ" ಎಂದು ಹೊರಟುಹೋದ. ಅವರು ಎರಡು ಗಾಜಿನ ನಳಿಗೆಗಳಲ್ಲಿ ನೀಲಿ ಔಷಧಿಯ ಜೊತೆ ಮೂತ್ರವನ್ನು ಕಾಯಿಸಿದರು. ಸಕ್ಕರೆ ಇದ್ದರೆ ನೀಲಿ ಬಣ್ಣ ತಿರುಗುತ್ತದೆ ಎಂದರು. ಅಣ್ಣನದು ನೀಲಿಯಾಗಿಯೇ ಉಳಿಯಿತು. ನನ್ನದು ತೆಳುವಾಗಿ ಹಸಿರಿಗೆ ತಿರುಗಿತು.

"ಹೆದರಬೇಡಿ, ಇದು ಕಾಯಿಲೆಯಲ್ಲ. ಆದರೆ ನಿಮ್ಮ ಮೈ ಸೋಮಾರಿಯಾಗಿದೆ" ಎಂದರು.

"ನಾನೂ ತೆಳ್ಳಗೇ ಇದ್ದೀನಲ್ಲ ಸಾರ್?"

"ತೆಳ್ಳಗಿದ್ದರೆ ಏನಂತೆ? ತಿಂದ ಸಕ್ಕರೆಯನ್ನು ಮಾಂಸಖಂಡದೊಳಕ್ಕೆ ಕಳಿಸಲು ಇನ್ಸುಲಿನ್ ಎಂಬ ರಸ ಎಲ್ಲರ ಮೈಯಲ್ಲೂ ಹುಟ್ಟುತ್ತದೆ. ದುಡಿದ ಮೈ ಅದರ ಮಾತನ್ನು ಒಂದು ಸಲಕ್ಕೇ ಕೇಳುತ್ತದೆ. ಕೂತ ಮೈ ಹತ್ತು ಸಲ ಕೂಗಿಸಿಕೊಳ್ಳುತ್ತದೆ. ಒಬ್ಬನೇ ತಂದೆ, ಒಂದೇ ಮುದ್ದೆ, ಒಂದೇ ಮೈಕಟ್ಟು. ನಿಮಗೂ ನಿಮ್ಮಣ್ಣನಿಗೂ ಇರುವ ವ್ಯತ್ಯಾಸ ಆ ಓಟ. ಅವರು ಬಿಡದಿರಲಿ. ಬಿಟ್ಟರೆ ಆ ಗುಣ ಬಹಳ ದಿನ ನಿಲ್ಲುವುದಿಲ್ಲ. ನಡೆಯಬೇಕಾದವರು ನೀವು."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ನಾನು ಮನೆಗೆ ಬಂದು ತಿರುಗಿಸಿ ಹೇಳಿದೆ.

ಕಾರಣ ಬರೆಯಲು ನಾಚಿಕೆಯಾಗುತ್ತದೆ. ಅಣ್ಣ ಕಚೇರಿಯ ಮುಂದೆ ಹಾದುಹೋಗುವಾಗ ಗೆಜ್ಜೆಯ ಸದ್ದಿಗೆ ನನ್ನ ಜೊತೆಯವರು "ನಿಮ್ಮಣ್ಣ ಬಂದ್ರು ಕಣ್ರೀ, ಕುಣಿಯೋಕೆ ಎದ್ದೇಳಿ" ಎನ್ನುತ್ತಿದ್ದರು. ಆಗಲೇ ಸಿರಾದ ಒಂದು ವ್ಯಾಪಾರಸ್ಥರ ಮನೆಯಿಂದ ನನಗೆ ಹೆಣ್ಣಿನ ಮಾತು ಬಂದಿತ್ತು. ಬೀಗರು ಬರುವ ದಿನ ಅಣ್ಣ ಬೆವರು ಸುರಿಸಿಕೊಂಡು ಈಟಿ ಹಿಡಿದು ಬಾಗಿಲಲ್ಲಿ ನಿಂತರೆ ಏನು ಮಾಡುವುದು? ನನಗಿದ್ದ ಚಿಂತೆ ಅದೊಂದೇ.

"ಓಡಿದರೆ ಮೈಯ ಸಾರವೆಲ್ಲ ಕರಗಿ ಅಪ್ಪನ ಕಾಯಿಲೆಯೇ ಬರುತ್ತದಂತೆ. ಬಿಟ್ಟುಬಿಡಬೇಕಂತೆ" ಎಂದೆ.

ಅಣ್ಣ ಕಾಲು ತೊಳೆಯುತ್ತಿದ್ದವನು ತಲೆಯೆತ್ತಿದ. "ಡಾಕ್ಟ್ರೇ ಅಂದ್ರಾ?"

"ಹೂಂ ಅಣ್ಣ."

"ಓದ್ದೋನು ನೀನು. ನೀನಂದ್ಮ್ಯಾಲೆ ಆತು ಬುಡು."

ಆ ವಾರವೇ ಈಟಿಯನ್ನು ಟಪಾಲು ಕಚೇರಿಗೆ ಒಪ್ಪಿಸಿದ. ಸಂಬಂಧಿಕರ ಜವಳಿ ಅಂಗಡಿಯಲ್ಲಿ ಹಾಸಿನ ಮೇಲೆ ಕೂತು ಬಟ್ಟೆ ಅಳೆಯುವ ಕೆಲಸ ಸಿಕ್ಕಿತು. ನನ್ನ ಮದುವೆಯೂ ಆಯಿತು. ಅವ್ವ ತುಪ್ಪ ಹಾಕಿ ಹಾಕಿ ಬಡಿಸಿದಳು. ಅಣ್ಣ ದಪ್ಪಗಾಗಲಿಲ್ಲ, ಕಡ್ಡಿಯಂತೆಯೇ ಉಳಿದ. ಆದರೆ ಉಂಡ ಮೇಲೆ ಗೋಡೆಗೆ ಒರಗಿ ತೂಕಡಿಸತೊಡಗಿದ. ಎಬ್ಬಿಸಿದರೆ "ಮೈ ಭಾರ ಕಣ್ಲಾ, ಯಾಕೋ ಗೊತ್ತಿಲ್ಲ" ಎನ್ನುತ್ತಿದ್ದ. ನನಗೆ ಗೊತ್ತಿತ್ತೇ? ಗೊತ್ತಿತ್ತು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು.

ಒಂದೂವರೆ ವರ್ಷ ಕಳೆದಿರಬೇಕು. ಹಬ್ಬದಲ್ಲಿ ಹೋಳಿಗೆ ಉಂಡ ಮಾರನೆಯ ದಿನ ಅವ್ವ ಬೇಲಿಯ ಹತ್ತಿರದಿಂದಲೇ ಕೂಗಿಕೊಂಡಳು. ಹೋಗಿ ನೋಡಿದರೆ ಅಣ್ಣ ಆಗಷ್ಟೇ ಹೋಗಿಬಂದ ಜಾಗದ ಕಲ್ಲಿನ ಸುತ್ತ ಇರುವೆ.

ಮತ್ತೆ ಆಸ್ಪತ್ರೆ, ಮತ್ತೆ ಬೆಲ್ಲದ ನೀರು. ಈ ಸಲ ಅಣ್ಣನದು ಹಸಿರು, ಅಂಚಿನಲ್ಲಿ ಹಳದಿ. ಡಾಕ್ಟರು ಇದು ಇನ್ನೂ ಕಾಯಿಲೆಯ ಮಟ್ಟಕ್ಕೆ ಬಂದಿಲ್ಲವೆಂದು ಹೇಳಿ ಅಣ್ಣನನ್ನೇ ಕೇಳಿದರು: "ಚೆನ್ನಾಗಿ ಓಡುತ್ತಿದ್ದಿರಲ್ಲ, ಯಾಕೆ ಬಿಟ್ಟಿರಿ? ಬಿಡಬಾರದು ಎಂದು ನಿಮ್ಮ ತಮ್ಮನ ಹತ್ತಿರ ಹೇಳಿ ಕಳಿಸಿದ್ದೆನಲ್ಲ?"

ಅಣ್ಣ ಒಮ್ಮೆ ನನ್ನ ಕಡೆ ನೋಡಿದ.

"ಅವ್ನು ಯೋಳಿದ್ದ ಸ್ವಾಮಿ. ನಂಗೇ ಮಂಡಿ ನೋವು ಬಂತು, ಬುಟ್ಬುಟ್ಟೆ."

"ಈಗ ಹೇಗಿದೆ?"

"ಈಗ ವಾಸಿ."

ಅವನಿಗೆ ಎಂದೂ ಮಂಡಿ ನೋವು ಬಂದದ್ದಿಲ್ಲ. ಓಟಗಾರನ ಜಾಗಕ್ಕೆ ಬೇರೆಯವನು ಬಂದಾಗಿತ್ತು. ಮರುದಿನ ಬೆಳಿಗ್ಗೆ ಅಣ್ಣ ಬರಿಗೈಯಲ್ಲಿ ಕೊರಟಗೆರೆ ದಾರಿ ಹಿಡಿದ. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹಿಂದಿರುಗಬೇಕೆಂದು ಬಿರುಸಾಗಿ ನಡೆಯುತ್ತಿದ್ದ.

"ಲೇ, ಚೀಲಾನೂ ಇಲ್ಲ, ಈಟಿನೂ ಇಲ್ಲ, ಯಾರ್ಗೆ ಕಾಗ್ದ ಕೊಡಾಕೆ ಹೊಂಟ್ಯೋ?" ಎಂದು ಊರ ಕಟ್ಟೆಯ ಮೇಲೆ ಕೂತಿದ್ದವನೊಬ್ಬ ರೇಗಿಸಿದ.

"ನಿನ್ನ ಮಾವನ್ಗೆ ಕಣ್ಲಾ. ಅಳಿಯ ಕುಂತಲ್ಲೇ ಬೇರು ಬುಟ್ಟವ್ನೆ ಅಂತ ಬರ್ದೈತೆ."

ಎರಡು ತಿಂಗಳಲ್ಲಿ ಅವನ ನಳಿಗೆ ಮತ್ತೆ ನೀಲಿಯಾಯಿತು. ಇಷ್ಟು ಸುಲಭವಾಗಿ ಸರಿಹೋಗುವುದಾದರೆ ನಾನು ಮಾಡಿದ್ದು ಅಷ್ಟು ದೊಡ್ಡದಲ್ಲವೇ? ಅಥವಾ ಕೂತು ಕಳೆದ ಆ ಒಂದೂವರೆ ವರ್ಷ ಮೈಯೊಳಗೆ ಎಲ್ಲೋ ಉಳಿದಿರುತ್ತದೆಯೇ? ಡಾಕ್ಟರನ್ನು ಕೇಳಿದೆ. "ಅದು ನನಗೂ ಗೊತ್ತಿಲ್ಲ" ಎಂದರು.

ತಡೆಯಲಾರದೆ ಒಂದು ಬೆಳಿಗ್ಗೆ ನಾನೂ ಅಣ್ಣನ ಜೊತೆ ಹೊರಟೆ. ಊರು ದಾಟಿದ ಮೇಲೆ ಏದುಸಿರಿನಲ್ಲೇ ಹೇಳಿದೆ: "ಅಣ್ಣ, ಅವತ್ತು ಡಾಕ್ಟರು ನಿನಗೆ ಓಡಬೇಡ ಅಂದಿರಲಿಲ್ಲ."

ಅವನು ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. "ಗೊತ್ತು ಕಣ್ಲಾ. ನಡಿ, ನಿಂತ್ರೆ ಮೈ ತಣ್ಣಗಾತದೆ."

ಯಾವಾಗಿನಿಂದ ಗೊತ್ತು? ಆಸ್ಪತ್ರೆಯಲ್ಲಿ ಗೊತ್ತಾಯಿತೇ, ಇಲ್ಲವೇ ಕಾಲು ತೊಳೆಯುತ್ತ ತಲೆಯೆತ್ತಿ ನೋಡಿದನಲ್ಲ, ಆಗಲೇ ಗೊತ್ತಿತ್ತೇ? ಆಗಲೇ ಗೊತ್ತಿದ್ದರೆ ಈಟಿಯನ್ನು ಯಾಕೆ ಒಪ್ಪಿಸಿದ? ನನ್ನ ಮದುವೆಗಾಗಿಯೇ? ಕೇಳಬೇಕೆಂದು ಬಾಯಿ ತೆರೆದೆ. ಉಸಿರು ಸಾಲಲಿಲ್ಲ. ಅವನು ಆಗಲೇ ಹತ್ತು ಮಾರು ಮುಂದೆ ಹೋಗಿದ್ದ.