ಚಿಲುಮೆಗಾರರ ಹಣತೆ

ಉದಗೀರಿನಲ್ಲಿ ತಂಬಾಕು ಸೇದುವ ಮಣ್ಣಿನ ಚಿಲುಮೆ ಮಾಡುವ ಹಿರಿಯರೊಬ್ಬರಿದ್ದರು. ಒಳ್ಳೆಯ ದೇಸಿ ತಂಬಾಕಿಗೆ ಹೆಸರಾದ ನಿಲಂಗಾದ ಅಂಗಡಿಯವರು ಇವರ ಚಿಲುಮೆಗಳನ್ನಷ್ಟೇ ಇಡುತ್ತಿದ್ದರು. ತಾವು ಎಂದೂ ಸೇದದ ಈ ಹಿರಿಯರು ಪ್ರತಿ ಚಿಲುಮೆಯನ್ನೂ ತುಟಿಗಿಟ್ಟು, ಗಲ್ಲ ಉಬ್ಬಿಸಿ ಊದಿ, ಗಾಳಿ ಪಾರಾದ ಮೇಲೆಯೇ "ಹಾದಿ ಸಾಫ್ ಅದ ರೀ" ಎಂದು ಕೈಗೆ ಕೊಡುತ್ತಿದ್ದರು.

ವ್ಯಸನಮುಕ್ತ ಸಮಾಜದ ಕನಸು ಹೊತ್ತ ನಾನು ಅವರೆದುರು ಪೂರ್ವಪಕ್ಷ, ಉತ್ತರಪಕ್ಷಗಳನ್ನೆಲ್ಲ ಮಂಡಿಸಿ, ಚಿಲುಮೆ ಬಿಟ್ಟು ಹಣತೆ ಮಾಡಬೇಕೆಂದು ಪ್ರಾರ್ಥಿಸಿದೆ.

"ನೋಡಮ್ರಿ ಸರ. ಹಣತಿ ಮಾರಿದ್ರ ನಮ್ಮ ಒಲಿ ಹತ್ತತದ. ಇಲ್ಲಂದ್ರ ನಿಮ್ಮ ಮನಿಗೇ ಊಟಕ್ಕ ಬರ್ತೀನಿ."

ಉಮರ್ಗಾದ ವ್ಯಸನಮುಕ್ತಿ ಸಭೆಯಲ್ಲಿ ಅವರ ಮೊದಲ ಹಣತೆಗಳನ್ನು ಮಾರಾಟಕ್ಕಿಟ್ಟೆವು. ಅಧ್ಯಕ್ಷರು ಒಂದನ್ನು ಅಂಗೈಯಲ್ಲಿಟ್ಟು ಬೆಳಗಿಸುವಷ್ಟರಲ್ಲಿ ಎಣ್ಣೆಯೆಲ್ಲ ಅವರ ಧೋತರಕ್ಕೆ ಇಳಿಯಿತು. ತಳದಲ್ಲಿ ಅಚ್ಚುಕಟ್ಟಾದ ತೂತು. ಉಳಿದವುಗಳಲ್ಲೂ ಅದೇ ತೂತು.

ಹಿರಿಯರು ಒಂದು ಹಣತೆಯನ್ನೆತ್ತಿ, ಗಲ್ಲ ಉಬ್ಬಿಸಿ ಊದಿದರು. ಗಾಳಿ ಸರಾಗವಾಗಿ ಪಾರಾಯಿತು.

"ನಾ ಬಿಟ್ಟೀನ್ರೀ ಸರ," ಎಂದರು, "ಕೈ ಇನ್ನಾ ಬಿಟ್ಟಿಲ್ಲ."

ಸಭೆ ಮುಗಿಸಿ ನಾವಿಬ್ಬರೂ ನಮ್ಮ ಮನೆಯಲ್ಲೇ ಉಂಡೆವು.