ಕಿವಿ ಮಶೀನಿಗೆ ಒಂದು ದಿನ ಸೂಟಿ

ನನ್ನ ಅಜ್ಜಿಯನ್ನು ನಾವೆಲ್ಲ ಆಯಿ ಅನ್ನುತ್ತೇವೆ. ಆಯಿಯ ಪ್ರಕಾರ ದುಡಿಯುವ ವಸ್ತುವಿಗೆಲ್ಲ ಜೀವವುಂಟು. ಮಿಕ್ಸರ್ ಬಿಸಿಯಾದರೆ “ದಣದೈತಿ, ಉಸರ ಬಿಡ್ಲಿ” ಎಂದು ತುಸು ಹೊತ್ತು ಮುಟ್ಟಗೊಡುವುದಿಲ್ಲ. ನಾನು ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬೆಳಗಾವಿಯ ಉದ್ಯಮಬಾಗಕ್ಕೆ ಹೋಗಿ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವವಳು. ಕಬ್ಬಿಣದ ಗುಣ ಬಲ್ಲೆ. ಆದರೂ ಲೇಥ್ ಯಂತ್ರದ ಸದ್ದು ಬದಲಾದರೆ ‘ಯಾಕೋ ಇವತ್ತ ಸಿಟ್ಟಿನ್ಯಾಗೈತಿ’ ಎಂದೇ ಬಾಯಿಗೆ ಬರುತ್ತದೆ. ಆಯಿಯ ಮಗ್ಗುಲಲ್ಲಿ ಮಾತು ಕಲಿತವಳ ಪಾಡು.

ಖಂಡೇನವಮಿಯ ದಿನ ಮನೆಯ ಸಾಮಾನುಗಳಿಗೆಲ್ಲ ಆಯುಧಪೂಜೆ. ಆಮೇಲೆ ಮರುದಿನದವರೆಗೆ ಅವುಗಳಿಗೆ ವಿಶ್ರಾಂತಿ, ಯಾರೂ ಮುಟ್ಟುವಂತಿಲ್ಲ. ಹೋದ ವರ್ಷ ಕುಡುಗೋಲು, ಈಳಿಗೆಗಳ ಸಾಲಿನಲ್ಲಿ ಆಯಿ ಅಜ್ಜನ ಕಿವಿ ಮಶೀನನ್ನೂ ಇಟ್ಟಳು.

“ಮತ್ತ ನನಗ ಕೇಳೂದು ಹ್ಯಾಂಗ?” ಅಂದ ಅಜ್ಜ.

“ದಿನಾ ನಿಮ್ಮ ಕಿವ್ಯಾಗ ಕುಂತು ದುಡಿತೈತಿ, ಒಂದಿನ ಸೂಟಿ ಬ್ಯಾಡೇನ್ರಿ ಅದಕ್ಕ? ನಾ ಬೈಯೂದು ಕೇಳದಿದ್ರ ನಿಮಗೇನ ಲುಕ್ಸಾನ ಇಲ್ಲ.”

ಅಜ್ಜ ನಕ್ಕು “ಹೂಂ” ಅಂದ. ಕೇಳಿಸದಿದ್ದಾಗ ಹೂಂ ಅನ್ನುವುದು ಅವನ ರೂಢಿ.

ಮಧ್ಯಾಹ್ನ, ಹೇಳದೆ ಕೇಳದೆ, ಈ ಮೊದಲು ನನ್ನನ್ನು ನೋಡಿಹೋಗಿದ್ದ ಬೆಳಗಾವಿಯ ಹುಡುಗನ ತಾಯಿ ಮತ್ತು ಅವನ ಸೋದರಮಾವ ಬಂದರು. ಲೋಂಡಾಕ್ಕೆ ಹೊರಟಿದ್ದರಂತೆ, ದಾರಿಯಲ್ಲೇ ಮಾತು ಮುಗಿಸಿಕೊಂಡು ಹೋಗೋಣ ಅಂತ. ನಮ್ಮ ಮನೆಯಲ್ಲಿ ಕೊನೆಯ ಮಾತು ಅಜ್ಜನದು. ಅವನೆದುರು ಅಪ್ಪ ಬಾಯಿ ಬಿಡುವುದಿಲ್ಲ.

“ಹುಡುಗಿ ಪಸಂದ ಅದಾಳ್ರಿ,” ಅಂದರು ಸೋದರಮಾವ. “ಆದ್ರ ಮದುವಿ ಆದ ಮ್ಯಾಲ ನೌಕರಿ ಬಿಡಬೇಕ್ರಿ.”

“ಹೂಂರಿ,” ಅಂದ ಅಜ್ಜ.

“ಹಂಗಾರ ಮಾತ ಕೊಟ್ಟಂಗ ಆತಲ್ರಿ?”

“ಹೂಂ, ಹೂಂ. ಚಹಾ ತಗೋರ್ರಿ.”

ನಾನು ಚಹಾದ ತಾಟು ಕೆಳಗಿಟ್ಟೆ. ಅಪ್ಪ ನೆಲ ನೋಡುತ್ತಿದ್ದ. “ಅಜ್ಜಗ ಕೇಳಸೂದಿಲ್ರಿ,” ಅಂದೆ.

ಹುಡುಗನ ತಾಯಿ ನಕ್ಕರು. “ಕೇಳಸದ ಹೂಂ ಅಂತಾರೇನವಾ? ಭಾಳ ಜಾಣಿ ಅದಿ.”

ನಾನು ದೇವರ ಕೋಣೆಗೆ ಓಡಿದೆ, ಹಿಂದೆಯೇ ಆಯಿ. ಮಶೀನಿಗೆ ಕೈ ಹಾಕಹೋದರೆ ನನ್ನ ಕೈ ಹಿಡಿದಳು.

“ಅದು ಮಲಗೈತವಾ.”

“ನನ್ನ ನೌಕರಿ ಹೊಂಟೈತಿ, ಆಯಿ.”

ಆಯಿ ನನ್ನ ಕೈ ಬಿಟ್ಟಳು. ಆಮೇಲೆ ಸೆರಗು ಹೊದ್ದು ಕುಳಿತು, ಮಲಗಿದ ಕೂಸನ್ನು ಎಬ್ಬಿಸುವ ಹಾಗೆ ಬೆರಳ ತುದಿಯಿಂದ ಮಶೀನನ್ನು ಸವರಿದಳು. “ನಿದ್ದಿ ಕೆಡಸಾಕ ಹತ್ತೇನಿ, ತಪ್ಪಾತಪಾ. ಹುಡುಗಿ ಹೊಟ್ಟಿಪಾಡಿನ ಮಾತು ಐತಿ. ಒಂದೀಟ ಕೇಳಿ ಬಂದುಬಿಡು.” ಉತ್ತರಕ್ಕೆ ಕಾಯುವಂತೆ ಕಾದಳು. ಮಶೀನಿನ ಮೇಲಿದ್ದ ಸೇವಂತಿಗೆ ಜಾರಿತು. ಅವಳ ಉಸಿರು ತಾಗಿಯೂ ಇರಬಹುದು.

“ಒಪ್ಪೈತಿ. ಒಯ್ಯಿ.”

ಕುಂಕುಮ ಹತ್ತಿದ ಮಶೀನನ್ನು ಅಜ್ಜ ಕಿವಿಗೆ ಸಿಕ್ಕಿಸಿಕೊಂಡ. “ಏನಂದ್ರಿ? ಇನ್ನೊಮ್ಮೆ ಹೇಳ್ರಿ.”

ಸೋದರಮಾವ ಮತ್ತೆ ಹೇಳಿದರು. ಅಜ್ಜ ಇಲ್ಲವೆಂದು ತಲೆ ಅಲ್ಲಾಡಿಸಿದ.

“ಆಗಲೇ ಹೂಂ ಅಂದ್ರಲ್ರಿ!” ಅಂದರು ಸೋದರಮಾವ.

“ಅದು ಬರೇ ಬಾಯಿ ಅಂದದ್ದು ರೀ. ಕಿವಿ ದೇವರ ಮುಂದ ಮಲಗಿತ್ತು. ಈಗ ಎದ್ದು ಬಂದು ಕೇಳೈತಿ. ನಮ್ಮ ಹುಡುಗಿ ನೌಕರಿ ಬಿಡಂಗಿಲ್ಲ.”

ಅವರು ಚಹಾ ಮುಗಿಸಿ, ಮನೆಯಲ್ಲಿ ಕೇಳಿ ತಿಳಿಸುತ್ತೇವೆಂದು ಎದ್ದರು.

ಮರುದಿನ ದಸರೆ. ಉಳಿದ ಸಾಮಾನೆಲ್ಲ ಎದ್ದವು. ಕಿವಿ ಮಶೀನನ್ನು ಮಾತ್ರ ಆಯಿ ಏಳಗೊಡಲಿಲ್ಲ. ನಡುನಿದ್ದೆಯಲ್ಲಿ ಎಬ್ಬಿಸಿದ್ದೇವೆ, ಒಂದಿಡೀ ದಿನ ಅದರದು, ಎಂದಳು. ಅಜ್ಜನೂ ತಕರಾರು ಮಾಡಲಿಲ್ಲ. ಬನ್ನಿ ಎಲೆ ಕೊಡಲು ಬಂದವರಿಗೆಲ್ಲ ಹೂಂ ಅನ್ನುತ್ತ ಜಗಲಿಯ ಮೇಲೆ ಕುಳಿತ. ಓಣಿಯ ಹಿರಿಯರೊಬ್ಬರು ಕೇಳಿದರು: “ಸಂಬಂಧ ಕೂಡಿತೇನ್ರಿ? ನೌಕರಿ ಬಿಡಸೂದೇನ ಮತ್ತ?”

ಅಜ್ಜ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅಪ್ಪ ಅವನ ತೊಡೆಯ ಮೇಲೆ ಕೈಯಿಟ್ಟ. “ಇಲ್ರಿ. ಆಕಿ ನೌಕರಿ ಬಿಡಂಗಿಲ್ಲ,” ಅಂದ, ಅಜ್ಜನಿಗೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ.